ಹೊಸ ಡಬ್ಬಿಯೊಳಗಿನ ಹಳೇ ಫೋನು: ಅಪ್‌ಡೇಟ್ ಲೆಕ್ಕ ಎಲ್ಲಿಂದ ಶುರು?

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲೋ ಧಾರವಾಡದ ಸುಭಾಸ ರಸ್ತೆಯಲ್ಲೋ ಹತ್ತು-ಹನ್ನೆರಡು ಸಾವಿರದ ಫೋನು ಕೇಳಿ ನೋಡಿ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಎಂಎಎಚ್, ರ‍್ಯಾಮ್ ಎಷ್ಟು ಎಂಬುದನ್ನೆಲ್ಲ ಅಂಗಡಿಯ ಹುಡುಗ ಪಟಪಟನೆ ಹೇಳುತ್ತಾನೆ. "ಇದಕ್ಕ ಅಪ್‌ಡೇಟ್ ಎಲ್ಲೀತನಕ ಬರ್ತಾವು?" ಎಂದರೆ ಮಾತ್ರ "ಇನ್ನ ಮೂರ್ನಾಲ್ಕು ವರ್ಷ ಚಿಂತಿಲ್ರೀ ಸರ" ಎಂದು ಮುಗಿಸುತ್ತಾನೆ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತಲ್ಲ, ಕಂಪನಿಯ ಜಾಹೀರಾತಿನಲ್ಲಿ ಹಾಗೇ ಇರುತ್ತದೆ. ಆದರೆ ಆ ಮೂರ್ನಾಲ್ಕು ವರ್ಷವನ್ನು ಯಾವ ದಿನದಿಂದ ಎಣಿಸಬೇಕು ಎಂಬುದನ್ನು ಗಿರಾಕಿಯೂ ಕೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ.

ಎಣಿಕೆ ಶುರುವಾಗುವುದು ನೀವು ಬಿಲ್ ಮಾಡಿಸಿದ ದಿನದಿಂದ ಅಲ್ಲ, ಆ ಮಾಡೆಲ್ ಮೊದಲ ಸಲ ಮಾರುಕಟ್ಟೆಗೆ ಬಂದ ದಿನದಿಂದ. ವಾರಂಟಿ ಬಿಲ್ಲಿನ ತಾರೀಖಿನಿಂದ ಶುರುವಾಗುತ್ತದಲ್ಲ, ಅಪ್‌ಡೇಟೂ ಹಾಗೇ ಇರಬೇಕು ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಎರಡಕ್ಕೂ ಸಂಬಂಧವೇ ಇಲ್ಲ.

ಒಂದು ಲೆಕ್ಕ ಮಾಡೋಣ. 2023ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ 13 ಹಾಕಿಕೊಂಡು ಬಂದ ಒಂದು ಫೋನು ಇದೆ ಅನ್ನಿ. ಕಂಪನಿ ಕೊಟ್ಟ ಮಾತು: ಎರಡು ಆಂಡ್ರಾಯ್ಡ್ ಅಪ್‌ಗ್ರೇಡ್, ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್. ಅಂದರೆ ಅದು ಕಾಣುವ ಕೊನೆಯ ಆವೃತ್ತಿ ಆಂಡ್ರಾಯ್ಡ್ 15. ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರಿಗೆ ಬಂದ್. ಅದೇ ಫೋನನ್ನು 2025ರ ದೀಪಾವಳಿ ಆಫರಿನಲ್ಲಿ ಮೂರು ಸಾವಿರ ಕಡಿಮೆಗೆ ತಂದರೆ, ಕೈಗೆ ಬರುವುದು ಮೂರು ವರ್ಷದ ಫೋನಲ್ಲ, ಒಂದು ವರ್ಷದ ಫೋನು. ಸೀಲ್ ಒಡೆಯದ ಡಬ್ಬಿ, ಒಂದೂ ಗೀರಿಲ್ಲದ ಗಾಜು, ಒಳಗಿನ ಆಯುಷ್ಯದಲ್ಲಿ ಮೂರರಲ್ಲಿ ಎರಡು ಪಾಲು ಖರ್ಚಾಗಿದೆ. ದಸರಾ-ದೀಪಾವಳಿಗೆ ಬೆಲೆ ಇಳಿಯುವ ಫೋನುಗಳಲ್ಲಿ ದೊಡ್ಡ ಪಾಲು ಇಂಥವೇ.

ಮಾತು ಎಲ್ಲ ಕಂಪನಿಯದೂ ಒಂದೇ ಅಳತೆಯದಲ್ಲ. ಗೂಗಲ್ 2023ರ ಅಕ್ಟೋಬರಿನಲ್ಲಿ ಬಿಟ್ಟ ಪಿಕ್ಸೆಲ್ 8ಕ್ಕೆ 7 ವರ್ಷ ಎಂದಿತು. ಸ್ಯಾಮ್‌ಸಂಗ್ 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೂ 7 ವರ್ಷ ಕೊಟ್ಟಿತು. ಇವು ಬಿಡುಗಡೆಯಾದಾಗ ಅರ್ಧ ಲಕ್ಷ ದಾಟಿದ್ದ ಫೋನುಗಳು, ಹೋಗಲಿ ಬಿಡಿ. ನಮಗೆ ಮುಖ್ಯವಾದದ್ದು ಅದೇ 2024ರ ಅಕ್ಟೋಬರಿನಲ್ಲಿ ಬಂದ ಗ್ಯಾಲಕ್ಸಿ ಎ16 5ಜಿ. ಸಾಧಾರಣ ದರದ ಆ ಫೋನಿಗೂ 6 ಆಂಡ್ರಾಯ್ಡ್ ಅಪ್‌ಗ್ರೇಡ್, 6 ವರ್ಷ ಸೆಕ್ಯುರಿಟಿ ಎಂದು ಬರೆದು ಕೊಟ್ಟರು. ಅದರ ಪಕ್ಕದಲ್ಲೇ, ಅದೇ ದರಕ್ಕೆ, ಇನ್ನೂ ಜೋರಾದ ಪ್ರೊಸೆಸರ್, ಇನ್ನೂ ವೇಗದ ಚಾರ್ಜರ್ ಇಟ್ಟು ಎರಡೇ ಅಪ್‌ಗ್ರೇಡ್ ಕೊಡುವ ಫೋನೂ ಇರುತ್ತದೆ. ಗೇಮ್ ಆಡುವ ಹುಡುಗ ಎರಡನೆಯದನ್ನು ಕೊಳ್ಳಲಿ, ಅವನು ಹೇಗೂ ಎರಡು ವರ್ಷಕ್ಕೆ ಬದಲಿಸುತ್ತಾನೆ. ಅವ್ವ-ಅಪ್ಪನಿಗೆ, ಅಂಗಡಿಯ ಯುಪಿಐಗೆ, ಐದು ವರ್ಷ ಕೈಬಿಡದೆ ಓಡಬೇಕು ಎನ್ನುವವರಿಗೆ ಮೊದಲನೆಯದೇ ಸರಿ. ವೇಗದ ಚಾರ್ಜರಿನ ಸಂತೋಷ ಮೊದಲ ತಿಂಗಳಿನದು.

ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಅಲ್ಲಿ ಅಪ್‌ಡೇಟಿನ ಕನಿಷ್ಠ 5 ವರ್ಷವನ್ನು ಎಣಿಸುವುದು ಆ ಮಾಡೆಲಿನ ಕೊನೆಯ ಫೋನು ಮಾರುಕಟ್ಟೆಗೆ ಬಂದ ದಿನದಿಂದ. ಕೊನೆಗೆ ಕೊಂಡವನಿಗೂ ಮೋಸವಾಗದ ಲೆಕ್ಕ ಅದು. ನಮ್ಮಲ್ಲಿ ಅಂಥ ನಿಯಮ ಇಲ್ಲವಾದ್ದರಿಂದ ಲೆಕ್ಕ ನಾವೇ ಹಾಕಿಕೊಳ್ಳಬೇಕು.

ಡಬ್ಬಿಯ ಮೇಲೆ ಎಂಆರ್‌ಪಿ ಜೊತೆ ಒಂದು ತಿಂಗಳು-ವರ್ಷ ಅಚ್ಚಾಗಿರುತ್ತದೆ. ಅದು ತಯಾರಾದ ಅಥವಾ ಆಮದಾದ ತಿಂಗಳು, ಮಾಡೆಲ್ ಬಿಡುಗಡೆಯಾದದ್ದಲ್ಲ. 2023ರ ಮಾಡೆಲನ್ನು 2025ರಲ್ಲೂ ತಯಾರಿಸುತ್ತಿದ್ದರೆ ಡಬ್ಬಿಯ ಮೇಲೆ 2025 ಎಂದೇ ಇರುತ್ತದೆ. "ತಾಜಾ ಸ್ಟಾಕ್ ಐತ್ರಿ, ನೋಡ್ರಿ ತಾರೀಖು" ಎಂದು ತೋರಿಸುವುದು ಇದನ್ನೇ. ಬ್ಯಾಟರಿ ತಾಜಾ ಇದೆ ಎಂಬುದಕ್ಕೆ ಅದು ಸಾಕ್ಷಿ, ಸಾಫ್ಟ್‌ವೇರಿಗೆ ಅಲ್ಲ. ಬಿಡುಗಡೆಯ ತಿಂಗಳು ಬೇಕಾದರೆ ಅಂಗಡಿಯ ಮುಂದೆ ನಿಂತೇ ಮಾಡೆಲ್ ಹೆಸರಿನ ಜೊತೆ "ಲಾಂಚ್ ಡೇಟ್ ಇಂಡಿಯಾ" ಎಂದು ಹುಡುಕಿ, ಒಂದು ನಿಮಿಷದ ಕೆಲಸ. ಹೆಸರನ್ನು ಪೂರ್ತಿ ನೋಡಿ: ಹಿಂದೆ 4ಜಿ, 5ಜಿ, ಎಸ್, ಇ, ಲೈಟ್, ಪ್ರೊ ಎಂದು ಒಂದೇ ಅಕ್ಷರ ಬದಲಾದರೂ ಬಿಡುಗಡೆಯ ವರ್ಷ, ಚಿಪ್, ಅಪ್‌ಡೇಟಿನ ಮಾತು ಎಲ್ಲವೂ ಬೇರೆ. ಜಾಹೀರಾತಿನ "4 ವರ್ಷ ಅಪ್‌ಡೇಟ್" ಎಂಬುದನ್ನೂ ಬಿಡಿಸಿ ಓದಬೇಕು. ಬಹಳ ಸಲ ಅದು ಸೆಕ್ಯುರಿಟಿಯ 4 ವರ್ಷ, ಆಂಡ್ರಾಯ್ಡ್ ಆವೃತ್ತಿ ಬದಲಾಗುವುದು ಎರಡೇ ಸಲ.

ಫೋನಿನೊಳಗೆ ಮೂರು ಸಾಲು

ಕೈಯಲ್ಲಿರುವ ಫೋನು ಎಲ್ಲಿದೆ ಎಂದು ತಿಳಿಯಲು ಸೆಟ್ಟಿಂಗ್ಸ್ ತೆರೆದು ಅಬೌಟ್ ಫೋನ್‌ಗೆ ಹೋಗಿ. ಫೋನು ಕನ್ನಡದಲ್ಲಿದ್ದರೆ "ಫೋನ್ ಕುರಿತು" ಎಂದಿರುತ್ತದೆ. ಅಲ್ಲಿ ಆಂಡ್ರಾಯ್ಡ್ ವರ್ಷನ್ ಒಂದು ಸಾಲು. ಕೆಲವು ಫೋನುಗಳಲ್ಲಿ ಅದನ್ನು ಒತ್ತಿದರೆ ಒಳಗೆ ಇನ್ನೆರಡು ಸಾಲು ಸಿಗುತ್ತವೆ: ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್ ಮತ್ತು ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್. ಸ್ಯಾಮ್‌ಸಂಗ್‌ನಲ್ಲಿ ಇವು ಅಬೌಟ್ ಫೋನ್‌ನ ಸಾಫ್ಟ್‌ವೇರ್ ಇನ್ಫರ್ಮೇಶನ್ ಒಳಗಿವೆ.

ಸುದ್ದಿಯಾಗುವುದು ಮೊದಲನೆಯ ಸಾಲು. ಆಂಡ್ರಾಯ್ಡ್ 16 ಎಂದಿನ ಶರತ್ಕಾಲ ಕಾಯದೆ 2025ರ ಜೂನ್ 10ಕ್ಕೇ ಬಂತು, ಆದರೆ ಅಂದು ಸಿಕ್ಕದ್ದು ಪಿಕ್ಸೆಲ್ ಫೋನುಗಳಿಗೆ. ಉಳಿದ ಕಂಪನಿಗಳು ತಮ್ಮ ವೇಷ ತೊಡಿಸಿ, ಅಂದರೆ ಒನ್ ಯುಐ, ಹೈಪರ್‌ಓಎಸ್, ಕಲರ್‌ಓಎಸ್ ಎಂಬ ಹೊದಿಕೆ ಹಾಕಿ, ದುಬಾರಿ ಮಾಡೆಲಿನಿಂದ ಶುರುಮಾಡಿ ಕೆಳಗಿಳಿಯುತ್ತವೆ. ಹತ್ತು ಸಾವಿರದ ಫೋನಿಗೆ ಅದು ಮುಟ್ಟುವ ಹೊತ್ತಿಗೆ ಆರು ತಿಂಗಳು, ವರ್ಷ ಕಳೆದಿರುವುದು ಮಾಮೂಲು. ತಡವಾದರೆ ಎದೆಗುಂದಬೇಕಾಗಿಲ್ಲ. ಹೊಸ ಆವೃತ್ತಿಯಲ್ಲಿ ಬರುವ ಐಕಾನು, ನೋಟಿಫಿಕೇಶನ್ ಚಂದಕ್ಕಿಂತ ಎರಡನೆಯ ಸಾಲೇ ದೊಡ್ಡದು.

ಸೆಕ್ಯುರಿಟಿ ಅಪ್‌ಡೇಟಿನ ತಾರೀಖು ತಿಂಗಳ 1 ಅಥವಾ 5 ಆಗಿರುತ್ತದೆ. 2015ರಿಂದ ಗೂಗಲ್ ಪ್ರತಿ ತಿಂಗಳು ಆಂಡ್ರಾಯ್ಡಿನಲ್ಲಿ ಸಿಕ್ಕ ತೂತುಗಳ ಪಟ್ಟಿ ಹೊರಡಿಸುತ್ತಿದೆ. 1ನೇ ತಾರೀಖಿನದರಲ್ಲಿ ಆಂಡ್ರಾಯ್ಡಿನ ಸ್ವಂತ ತೂತುಗಳಿಗೆ ತೇಪೆ, 5ರದರಲ್ಲಿ ಅದರ ಜೊತೆಗೆ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಮತ್ತು ಕ್ವಾಲ್‌ಕಾಮ್, ಮೀಡಿಯಾಟೆಕ್ ಚಿಪ್ಪುಗಳ ತೇಪೆಯೂ ಇರುತ್ತದೆ. ಇಲ್ಲಿ ತಾರೀಖು ಹಿಂದೆ ಬಿದ್ದಷ್ಟೂ ಜಗತ್ತಿಗೆಲ್ಲ ಗೊತ್ತಿರುವ, ನಿಮ್ಮ ಫೋನಿನಲ್ಲಿ ಮಾತ್ರ ಮುಚ್ಚದ ಬಾಗಿಲುಗಳು ಹೆಚ್ಚು. ಮೂರು ತಿಂಗಳು ಹಿಂದಿದ್ದರೆ ಸಾಮಾನ್ಯ, ಕಡಿಮೆ ದರದ ಫೋನುಗಳಿಗೆ ಕಂಪನಿಗಳು ತ್ರೈಮಾಸಿಕವಾಗಿಯೇ ಕೊಡುತ್ತವೆ. ಆರು ತಿಂಗಳು ದಾಟಿದರೆ ಕಾರಣ ಹುಡುಕಬೇಕು. ವರ್ಷ ದಾಟಿದ್ದು ನಿಂತುಹೋಗಿದೆ ಎಂದೇ ತಿಳಿಯಿರಿ.

ಹೊಸ ಫೋನು ಅಂಗಡಿಯಲ್ಲಿ ತೆರೆದ ಕೂಡಲೇ, ಸ್ಕ್ರೀನ್ ಗಾರ್ಡ್ ಅಂಟಿಸುವ ಮೊದಲೇ, ಇದನ್ನು ನೋಡಿ. ತಾರೀಖು ಒಂದು ವರ್ಷ ಹಿಂದಿನದಾಗಿದ್ದರೆ ವೈಫೈಗೆ ಜೋಡಿಸಿ ಅಪ್‌ಡೇಟ್ ಹುಡುಕಿಸಿ. ಸಾಲು ಸಾಲಾಗಿ ಎರಡು-ಮೂರು ಅಪ್‌ಡೇಟ್ ಬಂದರೆ ಅದು ಬರೀ ಹಳೇ ಸ್ಟಾಕ್. ಒಂದೂ ಬರದೆ "ಫೋನ್ ಅಪ್ ಟು ಡೇಟ್" ಎಂದರೆ ಆ ಫೋನು ಬೇಡ.

ಮೂರನೆಯ ಸಾಲು ಯಾರ ಕಣ್ಣಿಗೂ ಬೀಳದ್ದು. ಆಂಡ್ರಾಯ್ಡ್ 10ರಿಂದ ಈಚೆಗೆ ಸಿಸ್ಟಮ್ಮಿನ ಕೆಲವು ಭಾಗಗಳನ್ನು ಫೋನ್ ಕಂಪನಿಯನ್ನು ಕೇಳದೆ ಗೂಗಲ್ ನೇರವಾಗಿ ಬದಲಿಸುತ್ತದೆ. ಡೌನ್‌ಲೋಡ್ ತಾನೇ ಆಗುತ್ತದೆ, ಆದರೆ ಫೋನು ರೀಸ್ಟಾರ್ಟ್ ಆಗುವವರೆಗೆ ಜಾರಿಗೆ ಬರುವುದಿಲ್ಲ. ತಿಂಗಳುಗಟ್ಟಲೆ ಫೋನು ಬಂದ್ ಮಾಡದವರ ಬಳಿ ಇದು ಹಾಗೇ ಬಿದ್ದಿರುತ್ತದೆ. ಆ ಸಾಲಿನ ಮೇಲೆ ಒತ್ತಿ, ರೀಸ್ಟಾರ್ಟ್ ಕೇಳಿದರೆ ಕೊಡಿ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುವ ರೂಢಿ ಇದ್ದರೆ ಇಷ್ಟೂ ಮಾಡಬೇಕಿಲ್ಲ.

"ಅಪ್‌ಡೇಟ್ ಮಾಡಬ್ಯಾಡ್ರಿ, ಹ್ಯಾಂಗ್ ಹೊಡೀತೈತಿ"

ರಿಪೇರಿ ಅಂಗಡಿಗಳಲ್ಲಿ ಕೇಳಿಬರುವ ಈ ಸಲಹೆ ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಅಪ್‌ಡೇಟ್ ಆದ ಮೊದಲ ಒಂದೆರಡು ದಿನ ಫೋನು ನಿಧಾನ ಆಗುತ್ತದೆ, ಬಿಸಿಯೂ ಆಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಹೊಸ ಸಿಸ್ಟಮ್ಮಿಗೆ ಹೊಂದುವಂತೆ ಒಂದೊಂದೇ ಆ್ಯಪನ್ನು ಫೋನು ಮತ್ತೆ ಕಂಪೈಲ್ ಮಾಡುತ್ತಿರುತ್ತದೆ, ಫೋಟೊಗಳ ಪಟ್ಟಿಯನ್ನು ಮತ್ತೆ ಕಟ್ಟುತ್ತಿರುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಬಿಟ್ಟರೆ ಈ ಕೆಲಸ ಬೇಗ ಮುಗಿಯುತ್ತದೆ. ಮರುದಿನವೇ ಸಿಟ್ಟಿನಿಂದ ರೀಸೆಟ್ ಹೊಡೆಯುವವರು ಇದೇ ಕೆಲಸವನ್ನು ಮೊದಲಿನಿಂದ ಶುರುಮಾಡಿಸುತ್ತಾರೆ ಅಷ್ಟೇ.

ಮೂರ್ನಾಲ್ಕು ದಿನದ ಮೇಲೂ ಹಾಗೇ ಇದ್ದರೆ ಮೊದಲು ಪ್ಲೇ ಸ್ಟೋರಿನಲ್ಲಿ ಎಲ್ಲ ಆ್ಯಪ್‌ಗಳನ್ನೂ ಅಪ್‌ಡೇಟ್ ಮಾಡಿ. ಹೊಸ ಆಂಡ್ರಾಯ್ಡಿನ ಮೇಲೆ ಹಳೇ ಆ್ಯಪ್ ಕೂತಿರುವುದೇ ಬಹಳ ಸಲ ಕಾರಣ. ಆಮೇಲೆ ಬ್ಯಾಟರಿ ಯೂಸೇಜ್ ನೋಡಿ, ಮೇಲಿನ ಸಾಲಿನಲ್ಲಿ ಅನಿರೀಕ್ಷಿತವಾದ ಆ್ಯಪ್ ಇದ್ದರೆ ಅದರ ಕ್ಯಾಶ್ (ತಾತ್ಕಾಲಿಕ ಫೈಲುಗಳು) ಅಳಿಸಿ, ಅದಕ್ಕೂ ಬಗ್ಗದಿದ್ದರೆ ತೆಗೆದು ಮತ್ತೆ ಹಾಕಿ. ಕೆಲವು ಫೋನುಗಳ ರಿಕವರಿ ಮೆನುವಿನಲ್ಲಿ (ಫೋನು ಬಂದ್ ಮಾಡಿ ಗುಂಡಿ ಒತ್ತಿ ತೆರೆಯುವ ರಿಪೇರಿ ಪಟ್ಟಿ) "ವೈಪ್ ಕ್ಯಾಶ್" ಎಂಬ ಆಯ್ಕೆ ಇರುತ್ತದೆ, ಅದರಿಂದ ಫೋಟೊ ಹೋಗುವುದಿಲ್ಲ. ಆದರೆ ಅದರ ಪಕ್ಕದ ಸಾಲೇ "ವೈಪ್ ಡೇಟಾ". ವಾಲ್ಯೂಮ್ ಗುಂಡಿಯಿಂದ ಸಾಲು ಬದಲಿಸುವಾಗ ಕೈ ತಪ್ಪಿದರೆ ಮದುವೆಯ ಫೋಟೊ, ಜಾತ್ರೆಯ ವಿಡಿಯೊ ಎಲ್ಲ ಹೋದವು. ಬ್ಯಾಕಪ್ ಇಲ್ಲದೆ ಆ ಮೆನು ಮುಟ್ಟಬೇಡಿ.

ನಿಜವಾಗಿ ಕೆಡುವುದು ಮೂರು ಕಡೆ. ಒಂದು, ಸ್ಟೋರೇಜ್. 64 ಜಿಬಿ ಫೋನಿನಲ್ಲಿ ಸಿಸ್ಟಮ್ಮೇ ಹದಿನೈದು-ಇಪ್ಪತ್ತು ಜಿಬಿ ತಿಂದಿರುತ್ತದೆ, ಉಳಿದದ್ದನ್ನು ಗುಡ್ ಮಾರ್ನಿಂಗ್ ವಿಡಿಯೊಗಳು ತುಂಬಿರುತ್ತವೆ. ದೊಡ್ಡ ಅಪ್‌ಡೇಟಿನ ಫೈಲೇ 2ರಿಂದ 5 ಜಿಬಿ, ಅದನ್ನು ಬಿಚ್ಚಲು ಮತ್ತಷ್ಟು ಜಾಗ ಬೇಕು. 8-10 ಜಿಬಿ ಖಾಲಿ ಇಟ್ಟುಕೊಂಡೇ ಶುರುಮಾಡಿ. ವಾಟ್ಸ್ಆ್ಯಪಿನ ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್‌ಗೆ ಹೋದರೆ 5 ಎಂಬಿಗಿಂತ ದೊಡ್ಡವು, ಹಲವು ಸಲ ಫಾರ್ವರ್ಡ್ ಆದವು ಎಂದು ಬೇರೆ ಬೇರೆ ಗುಂಪು ಸಿಗುತ್ತದೆ. ಅಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಎರಡು, ಡೇಟಾ ಮತ್ತು ಕರೆಂಟು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನ ಮೇಲೆ 3 ಜಿಬಿ ಅಪ್‌ಡೇಟ್ ಇಳಿಸಹೊರಟರೆ ಮಧ್ಯಾಹ್ನಕ್ಕೇ ನೆಟ್ ತೆವಳುತ್ತದೆ. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಹಾನಿ ಇಲ್ಲ, ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ. ಇನ್‌ಸ್ಟಾಲ್ ಆಗುವ ಹೊತ್ತು ಬೇರೆ ವಿಷಯ. ಈಗಿನ ಬಹುಪಾಲು ಫೋನುಗಳಲ್ಲಿ ಸಿಸ್ಟಮ್ಮಿಗೆ ಎರಡು ಜಾಗ ಇರುತ್ತದೆ: ಒಂದರ ಮೇಲೆ ಫೋನು ಓಡುತ್ತಿರುವಾಗಲೇ ಹೊಸದು ಇನ್ನೊಂದರಲ್ಲಿ ಕೂರುತ್ತದೆ, ಕೊನೆಗೆ ಒಂದು ರೀಸ್ಟಾರ್ಟ್. ಹೊಸದು ಏಳಲಿಲ್ಲವೆಂದರೆ ಹಳೆಯದಕ್ಕೇ ಮರಳುತ್ತದೆ. ಗೂಗಲ್ ಈ ಪದ್ಧತಿಯನ್ನು 2016ರಲ್ಲಿ ಆಂಡ್ರಾಯ್ಡ್ 7ರ ಜೊತೆ ತಂದಿತು. ಸ್ಯಾಮ್‌ಸಂಗ್ ಮಾತ್ರ 2024ರ ಗ್ಯಾಲಕ್ಸಿ ಎ55 ಬರುವವರೆಗೂ ಹಳೇ ರೀತಿಯಲ್ಲೇ ಇತ್ತು. ಹಾಗಾಗಿ ಅದಕ್ಕೂ ಮೊದಲಿನ ಸ್ಯಾಮ್‌ಸಂಗ್ ಫೋನುಗಳಲ್ಲಿ ಕಪ್ಪು ಪರದೆ, ಶೇಕಡಾ ಲೆಕ್ಕ, ಹತ್ತು-ಇಪ್ಪತ್ತು ನಿಮಿಷದ ಕಾಯುವಿಕೆ. ಆ ಹೊತ್ತಿನಲ್ಲಿ ಪವರ್ ಗುಂಡಿ ಒತ್ತಿ ಹಿಡಿಯುವುದು, "ನಿಂತಂಗ ಕಾಣತೈತಿ" ಎಂದು ಬಂದ್ ಮಾಡುವುದೇ ಫೋನು ಸಾಯಲು ದಾರಿ. ಬ್ಯಾಟರಿ ಐವತ್ತರ ಮೇಲಿರಲಿ, ಹೆಸ್ಕಾಂ ಕರೆಂಟಿನ ಭರವಸೆಯ ಮೇಲೆ ಹತ್ತು ಪರ್ಸೆಂಟಿನಲ್ಲಿ ಶುರುಮಾಡಬೇಡಿ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಹಿಂದಿನ ಕವರ್ ತೆಗೆದು, ಚಾರ್ಜರ್ ಬಿಚ್ಚಿ, ಫ್ಯಾನ್ ಕೆಳಗಿಟ್ಟು ಮಾಡಿ.

ಮೂರು, ಪರದೆ. ಅಮೊಲೆಡ್ ಪರದೆಯ ಫೋನುಗಳಲ್ಲಿ ಅಪ್‌ಡೇಟಿನ ಬೆನ್ನಿಗೇ ಹಸಿರು ಅಥವಾ ಗುಲಾಬಿ ಗೆರೆ ಮೇಲಿಂದ ಕೆಳಗೆ ಬಿದ್ದ ದೂರುಗಳು ಭಾರತದಲ್ಲಿ ಬಹಳ ಇವೆ. ಗೆರೆ ಬಿದ್ದ ಮೇಲೆ ಅದು ಪ್ಯಾನೆಲಿನ ದೋಷ; ರೀಸೆಟ್, ಮತ್ತೊಂದು ಅಪ್‌ಡೇಟ್ ಯಾವುದರಿಂದಲೂ ಹೋಗುವುದಿಲ್ಲ. ಹೊರಗೆ ಪರದೆ ಬದಲಿಸಲು ದುಡ್ಡು ಕೊಡುವ ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ವಾರಂಟಿ ಮುಗಿದಿದ್ದರೂ ಕೆಲವು ಮಾಡೆಲ್‌ಗಳಿಗೆ ಪರದೆಯನ್ನು ಪುಕ್ಕಟೆ ಬದಲಿಸಿಕೊಟ್ಟದ್ದುಂಟು. ಹೊರಗಿನ ಅಂಗಡಿಯಲ್ಲಿ ಒಮ್ಮೆ ಬಿಚ್ಚಿಸಿದಿರೋ, ಆ ಬಾಗಿಲು ಮುಚ್ಚಿತು.

ಇನ್ನು ಹಿಂದಕ್ಕೆ ಹೋಗುವ ಆಸೆ. ಹೊಸ ಆವೃತ್ತಿ ಹಿಡಿಸಲಿಲ್ಲ, ಹಳೆಯದೇ ಬೇಕು ಎಂದರೆ ಹೆಚ್ಚಿನ ಫೋನುಗಳಲ್ಲಿ ಆಗುವುದಿಲ್ಲ. ತೂತಿರುವ ಹಳೇ ಸಾಫ್ಟ್‌ವೇರನ್ನು ಕಳ್ಳ ಮತ್ತೆ ತುಂಬಬಾರದು ಎಂದು ಕಂಪನಿಗಳೇ ಆ ದಾರಿ ಕಟ್ಟಿರುತ್ತವೆ. "ಫ್ಲ್ಯಾಶ್ ಹೊಡದು ಕೊಡ್ತೀನ್ರಿ" ಎನ್ನುವ ಅಂಗಡಿಗಳ ಕೈಯಲ್ಲಿ ಫೋನಿನ ಗುರುತಿನ ನಂಬರಾದ ಐಎಂಇಐ ಅಳಿಸಿಹೋಗಿ ಸಿಮ್ ಹಿಡಿಯದ ಫೋನುಗಳೂ ಹೊರಬರುತ್ತವೆ. ಆದ್ದರಿಂದ ದೊಡ್ಡ ಆವೃತ್ತಿ ಬಂದ ದಿನವೇ ಧಾವಿಸದೆ ಎರಡು-ಮೂರು ವಾರ ಬಿಟ್ಟು, ನಿಮ್ಮದೇ ಮಾಡೆಲಿನವರು ಏನು ಬರೆದಿದ್ದಾರೆ ನೋಡಿ ಮಾಡುವುದು ಜಾಣತನ. ಸೆಕ್ಯುರಿಟಿ ಅಪ್‌ಡೇಟಿಗೆ ಹಾಗೆ ಕಾಯಬೇಕಾಗಿಲ್ಲ, ಬಂದ ವಾರವೇ ಹಾಕಿ.

ಕಂಪನಿ ತಾನಾಗಿ ಬ್ಯಾಟರಿಯ ಶಕ್ತಿಯನ್ನೇ ಇಳಿಸುವ ಅಪ್‌ಡೇಟೂ ಉಂಟು. ಪಿಕ್ಸೆಲ್ 6ಎ ಫೋನುಗಳಲ್ಲಿ ಕೆಲವು ಬಿಸಿಯಾಗುವ ಅಪಾಯವಿದೆ ಎಂದು ಗೂಗಲ್ 2025ರ ಜುಲೈನಲ್ಲಿ ಕಡ್ಡಾಯ ಅಪ್‌ಡೇಟ್ ಕಳಿಸಿ, 400 ಸಲ ಚಾರ್ಜ್ ಆದ ಮೇಲೆ ಬ್ಯಾಟರಿಯ ಸಾಮರ್ಥ್ಯವನ್ನೂ ಚಾರ್ಜ್ ಆಗುವ ವೇಗವನ್ನೂ ತಗ್ಗಿಸಿತು. ಬ್ಯಾಟರಿ ಬದಲಾವಣೆಯ ಅವಕಾಶವನ್ನೂ ಕೊಟ್ಟಿತು. ಸೆಕೆಂಡ್ ಹ್ಯಾಂಡಿನಲ್ಲಿ ಆ ಫೋನು ಅಗ್ಗಕ್ಕೆ ಸಿಕ್ಕರೆ ಕಾರಣ ಇದಿರಬಹುದು, ಬ್ಯಾಟರಿ ಬದಲಾಗಿದೆಯೇ ಕೇಳಿ.

ವಾಟ್ಸ್ಆ್ಯಪಿನಲ್ಲಿ ಬರುವ "ಅಪ್‌ಡೇಟ್"

ನಿಜವಾದ ಅಪ್‌ಡೇಟ್ ಬರುವುದು ಎರಡೇ ಬಾಗಿಲಿನಿಂದ: ಸೆಟ್ಟಿಂಗ್ಸಿನ ಸಾಫ್ಟ್‌ವೇರ್ ಅಪ್‌ಡೇಟ್ ಮತ್ತು ಪ್ಲೇ ಸ್ಟೋರ್. ಎಸ್ಸೆಮ್ಮೆಸ್ಸಿನ ಲಿಂಕು, ಕ್ರೋಮಿನಲ್ಲಿ ಹಾರಿಬರುವ "ನಿಮ್ಮ ಫೋನಿನಲ್ಲಿ ವೈರಸ್ ಇದೆ" ಎಂಬ ಕೆಂಪು ಪೆಟ್ಟಿಗೆ, ವಾಟ್ಸ್ಆ್ಯಪಿನ ಫೈಲು ಇವು ಯಾವುವೂ ಅಪ್‌ಡೇಟ್ ಅಲ್ಲ. ಬೆಳೆಹಾನಿ ಪರಿಹಾರದ ಸುದ್ದಿ ಓಡಾಡುವಾಗ ಪಿಎಂ ಕಿಸಾನ್ ಹೆಸರಿನಲ್ಲಿ, ಉಳಿದ ದಿನ ಆರ್‌ಟಿಓ ಚಲನ್, ಬ್ಯಾಂಕ್ ಕೆವೈಸಿ, ಮದುವೆ ಕರೆಯೋಲೆ ಹೆಸರಿನಲ್ಲಿ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರಿನ ಹೊರಗಿಂದ ಆ್ಯಪ್ ಹಾಕುವ ಫೈಲ್, ಬರುತ್ತದೆ. ಕಳಿಸಿದ ನಂಬರು ಪರಿಚಯದವರದೇ ಆಗಿರಬಹುದು. ಅವರ ಫೋನು ಮೊದಲೇ ಕೈತಪ್ಪಿರುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆ ಎಪಿಕೆ ಎಂದಿದ್ದರೆ ಅದು ಫೋಟೊನೂ ಅಲ್ಲ, ಪಿಡಿಎಫ್ಫೂ ಅಲ್ಲ. ಒಳಗೆ ಹೋದ ಮೇಲೆ ಅದು ಕೇಳುವುದು ಎಸ್ಸೆಮ್ಮೆಸ್ ಓದುವ ಅನುಮತಿ ಮತ್ತು ಆ್ಯಕ್ಸೆಸಿಬಿಲಿಟಿ. ಮೊದಲನೆಯದರಿಂದ ಓಟಿಪಿ ಹೋಗುತ್ತದೆ, ಎರಡನೆಯದರಿಂದ ಪರದೆಯ ಮೇಲಿನದನ್ನೆಲ್ಲ ಓದಿ ನಿಮ್ಮ ಬದಲು ತಾನೇ ಒತ್ತುತ್ತದೆ.

ಇದಕ್ಕೆ ಮನೆಯ ಎಲ್ಲರ ಫೋನಿನಲ್ಲೂ ಈಗಲೇ ಮಾಡಿಡಬಹುದಾದ ಕೆಲಸ ಒಂದಿದೆ. ಸೆಟ್ಟಿಂಗ್ಸ್, ಆ್ಯಪ್ಸ್, ಸ್ಪೆಷಲ್ ಆ್ಯಪ್ ಆ್ಯಕ್ಸೆಸ್, ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್. ಅಲ್ಲಿ ವಾಟ್ಸ್ಆ್ಯಪ್, ಕ್ರೋಮ್, ಫೈಲ್ಸ್, ಟೆಲಿಗ್ರಾಂ ಎಲ್ಲಕ್ಕೂ "ನಾಟ್ ಅಲೌಡ್" ಇರಬೇಕು. ಹುಡುಕಲು ಕಷ್ಟವಾದರೆ ಸೆಟ್ಟಿಂಗ್ಸಿನ ಹುಡುಕುವ ಜಾಗದಲ್ಲಿ "ಅನ್‌ನೋನ್" ಎಂದು ಹೊಡೆಯಿರಿ, ಎದುರಿಗೇ ಬರುತ್ತದೆ. ಪ್ಲೇ ಸ್ಟೋರಿನಲ್ಲಿ ನಿಮ್ಮ ಫೋಟೊ ಒತ್ತಿ ಕೆಟ್ಟ ಆ್ಯಪ್ ಹಿಡಿಯುವ ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ ನೋಡಿ. ಎಪಿಕೆ ಕಳಿಸುವವರು ಅದನ್ನು ಬಂದ್ ಮಾಡಲು ಫೋನಿನಲ್ಲೇ ಹೇಳಿಕೊಡುತ್ತಾರೆ.

ಅಪ್ಪಿತಪ್ಪಿ ಹಾಕಿಬಿಟ್ಟಿದ್ದರೆ ಮೊದಲು ಏರೋಪ್ಲೇನ್ ಮೋಡ್, ವೈಫೈಯೂ ಬಂದ್. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಅಷ್ಟು. ಆಮೇಲೆ ಸೇಫ್ ಮೋಡ್, ಅಂದರೆ ನೀವು ಹಾಕಿಕೊಂಡ ಆ್ಯಪ್ ಯಾವುದೂ ಓಡದ ಸ್ಥಿತಿ: ಪವರ್ ಮೆನುವಿನಲ್ಲಿ "ಪವರ್ ಆಫ್" ಮೇಲೆ ಬೆರಳು ಒತ್ತಿ ಹಿಡಿದರೆ ಬಹಳ ಫೋನುಗಳಲ್ಲಿ ಅದು ಕೇಳುತ್ತದೆ. ಆ್ಯಪ್ ತೆಗೆಯಲು ಬಿಡದಿದ್ದರೆ ಡಿವೈಸ್ ಅಡ್ಮಿನ್ ಆ್ಯಪ್ಸ್ ಪಟ್ಟಿಯಿಂದ ಅದರ ಟಿಕ್ ಮೊದಲು ಬಿಡಿಸಿ, ಆ್ಯಕ್ಸೆಸಿಬಿಲಿಟಿಯಲ್ಲೂ ಬಂದ್ ಮಾಡಿ, ನಂತರ ಅನ್‌ಇನ್‌ಸ್ಟಾಲ್. ಸಿಮ್ಮಿನ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿರುವ ಸಂಶಯವಿದ್ದರೆ ಏರೋಪ್ಲೇನ್ ಮೋಡ್ ತೆಗೆದ ಮೇಲೆ ##002# ಡಯಲ್ ಮಾಡಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇಷ್ಟಾದ ಮೇಲೂ ಫೋನನ್ನು ಪೂರ್ತಿ ರೀಸೆಟ್ ಮಾಡದೆ ಅದರಲ್ಲಿ ಯುಪಿಐ ತೆರೆಯಬಾರದು.

ರೀಸೆಟ್ ಎಂದಾಗ ಯುಪಿಐ ಬಗ್ಗೆ ಎರಡು ಮಾತು. ಮತ್ತೆ ನೋಂದಣಿ ಮಾಡುವಾಗ ಆ್ಯಪ್ ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಕಳಿಸುತ್ತದೆ. ರೀಚಾರ್ಜ್ ಮುಗಿದ, ಒಳಬರುವ ಕರೆ ಮಾತ್ರ ಇರುವ ಸಿಮ್ಮಿನಲ್ಲಿ ಇದು ಆಗುವುದಿಲ್ಲ; "ವೆರಿಫಿಕೇಶನ್ ಫೇಲ್ಡ್" ಎಂದು ಸುಮ್ಮನೆ ಸುತ್ತಿಸುತ್ತದೆ. ಎರಡು ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟಿರುವ ನಂಬರಿನದನ್ನೇ ಆರಿಸಬೇಕು. ಹೊಸದಾಗಿ ನೋಂದಣಿಯಾದ ಮೊದಲ 24 ಗಂಟೆ ಕಳಿಸುವ ಮೊತ್ತಕ್ಕೆ ₹5,000 ಮಿತಿ ಇರುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ಹಿಂದಿನ ರಾತ್ರಿ, ಮದುವೆ ಸಂತೆಯ ಮುಂಜಾನೆ ಫೋನು ಬದಲಿಸುವ ಉಸಾಬರಿ ಬೇಡ.

ಅಪ್‌ಡೇಟ್ ನಿಂತ ಫೋನು, ಮತ್ತು ಸೆಕೆಂಡ್ ಹ್ಯಾಂಡ್

ಅಪ್‌ಡೇಟ್ ನಿಂತ ದಿನ ಫೋನೇನೂ ನಿಲ್ಲುವುದಿಲ್ಲ. ವಾಟ್ಸ್ಆ್ಯಪ್ 2025ರಲ್ಲೂ ಆಂಡ್ರಾಯ್ಡ್ 5ರ ಮೇಲೆ ಓಡುತ್ತಿತ್ತು. ಆದ್ದರಿಂದಲೇ "ವಾಟ್ಸ್ಆ್ಯಪ್ ನಡೀತೈತಿ, ಫೋನ್ ಚಲೋ ಐತಿ" ಎಂಬ ನಂಬಿಕೆ. ಬ್ರೌಸರ್ ಅಷ್ಟು ಉದಾರಿಯಲ್ಲ: ಆಂಡ್ರಾಯ್ಡ್ 8 ಮತ್ತು 9ಕ್ಕೆ ಕ್ರೋಮಿನ ಕೊನೆಯ ಆವೃತ್ತಿ 138, 2025ರಲ್ಲಿ ಬಂದ 139ರಿಂದ ಆಂಡ್ರಾಯ್ಡ್ 10 ಬೇಕೇ ಬೇಕು. ಬ್ಯಾಂಕ್ ಆ್ಯಪ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಅಂಥ ಫೋನಿನಲ್ಲಿ ಹಾಡು, ಯೂಟ್ಯೂಬ್, ಹೊಲದ ಮೇಲಿನ ಮಾತುಕತೆ ಎಲ್ಲ ಸರಿ. ಬ್ಯಾಂಕಿಗೆ ಜೋಡಿಸಿದ ಸಿಮ್ಮು, ಯುಪಿಐ ಮಾತ್ರ ಬೇರೆ ಫೋನಿನಲ್ಲಿರಲಿ.

ಐಫೋನಿನಲ್ಲಿ ಲೆಕ್ಕ ಸುಲಭ. 2025ರ ಸೆಪ್ಟೆಂಬರಿನಲ್ಲಿ ಬಂದ ಐಓಎಸ್ 26 ಐಫೋನ್ 11ರಿಂದ ಮುಂದಿನವಕ್ಕೆ ಮಾತ್ರ. 2018ರ ಎಕ್ಸ್ಆರ್, ಎಕ್ಸ್ಎಸ್ ಐಓಎಸ್ 18ರಲ್ಲೇ ನಿಂತವು. ಸೆಕೆಂಡ್ ಹ್ಯಾಂಡ್ ಮಾರುವವರ ಗಾಜಿನ ಪೆಟ್ಟಿಗೆಯಲ್ಲಿ ಎಕ್ಸ್ಆರ್ ಇನ್ನೂ ಮಿಂಚುತ್ತಿರುತ್ತದೆ, ದರ ಎಷ್ಟೇ ಇಳಿದರೂ ಈಗ ಅದಕ್ಕೆ ಕೈ ಹಾಕಬೇಡಿ. ಯಾವುದೇ ಐಫೋನಿಗೆ ಬ್ಯಾಟರಿ ಹೆಲ್ತ್ ಶೇ. 80ಕ್ಕಿಂತ ಕೆಳಗಿದ್ದರೆ ಬ್ಯಾಟರಿಯ ದರವನ್ನು ಚೌಕಾಸಿಯಲ್ಲಿ ಕಳೆಯಿರಿ. ಜನರಲ್, ಅಬೌಟ್ ಒಳಗೆ "ಪಾರ್ಟ್ಸ್ ಆ್ಯಂಡ್ ಸರ್ವಿಸ್ ಹಿಸ್ಟರಿ" ಎಂಬ ಸಾಲು ಕಂಡರೆ ಏನೋ ಬದಲಾಗಿದೆ ಎಂದರ್ಥ, "ಅನ್‌ನೋನ್ ಪಾರ್ಟ್" ಎಂದಿದ್ದರೆ ಬದಲಾದದ್ದು ಅಸಲಿಯಲ್ಲದಿರಬಹುದು ಎಂದು ತಿಳಿಯಿರಿ. ಅಮೆರಿಕದಿಂದ ಬಂದ ಐಫೋನ್ 14 ಮತ್ತು ಅದರ ನಂತರದವಕ್ಕೆ ಸಿಮ್ ತೂರಿಸುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಡಿಜಿಟಲ್ ಸಿಮ್ಮು, ಅಂದರೆ ಇಸಿಮ್ ಮಾತ್ರ.

ಆಂಡ್ರಾಯ್ಡ್ ಆಗಲಿ ಐಫೋನ್ ಆಗಲಿ, ಹಳೇದು ಕೊಳ್ಳುವಾಗ *#06# ಒತ್ತಿ ಬರುವ 15 ಅಂಕಿಯ ಐಎಂಇಐ ಡಬ್ಬಿಯ ಮೇಲಿನದಕ್ಕೂ ಹಳೇ ಬಿಲ್ಲಿಗೂ ತಾಳೆಯಾಗಬೇಕು. ಇಂಗ್ಲಿಷಿನ ಕೆವೈಎಂ ಅಕ್ಷರ ಬರೆದು, ಜಾಗ ಬಿಟ್ಟು ಐಎಂಇಐ ಹೊಡೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಆ ನಂಬರಿನ ವಿವರ ಬರುತ್ತದೆ. ಬ್ಲ್ಯಾಕ್‌ಲಿಸ್ಟ್ ಅಥವಾ ಡೂಪ್ಲಿಕೇಟ್ ಎಂದು ಬಂದರೆ ಅಲ್ಲೇ ಬಿಟ್ಟು ಬನ್ನಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲೂ ಇದೇ ತಪಾಸಣೆ ಇದೆ.

ಮಾರುವವನು ಗೂಗಲ್ ಅಕೌಂಟನ್ನು ನಿಮ್ಮೆದುರಿಗೇ ಸೆಟ್ಟಿಂಗ್ಸಿನಿಂದ ತೆಗೆದು, ಆಮೇಲೆ ರೀಸೆಟ್ ಕೊಡಬೇಕು. ಕ್ರಮ ತಪ್ಪಿ ರಿಕವರಿಯಿಂದ ರೀಸೆಟ್ ಮಾಡಿದ ಫೋನು ಹಳೇ ಮಾಲೀಕನ ಪಾಸ್‌ವರ್ಡ್ ಕೇಳುತ್ತ ಕೂರುತ್ತದೆ, ಆ ಹೊತ್ತಿಗೆ ಅವನು ಲಕ್ಷ್ಮೇಶ್ವರದ ಬಸ್ ಹತ್ತಿರುತ್ತಾನೆ. ಕಂತಿನ ಮೇಲೆ ಕೊಂಡ ಕೆಲವು ಫೋನುಗಳಲ್ಲಿ ಫೈನಾನ್ಸಿನವರು ಲಾಕ್ ಹಾಕುವ ಆ್ಯಪ್ ಇಟ್ಟಿರುತ್ತಾರೆ. ಅದು ರೀಸೆಟ್ ಆದರೂ ಹೋಗುವುದಿಲ್ಲ, ಕಂತು ಬಾಕಿ ಬಿದ್ದರೆ ಪರದೆ ಕಟ್ಟುತ್ತದೆ. ರೀಸೆಟ್ ಆಗಿ ಮೊದಲ ಸೆಟಪ್ ನಡೆಯುವಾಗ "ಈ ಡಿವೈಸ್ ಸಂಸ್ಥೆಯೊಂದರ ನಿಯಂತ್ರಣದಲ್ಲಿದೆ" ಎಂಬಂಥ ಸಾಲು ಬರುತ್ತದೆಯೇ ಎಂದು ಕಾದು ನೋಡಿ. ಹಾಗಾಗಿ ಸೆಟಪ್ ಪೂರ್ತಿ ಮುಗಿದು ಮುಖ್ಯ ಪರದೆ ಬರುವವರೆಗೆ ದುಡ್ಡು ಜೇಬಿನಲ್ಲೇ ಇರಲಿ. ಸೆಕ್ಯುರಿಟಿ ಅಪ್‌ಡೇಟಿನ ತಾರೀಖನ್ನೂ ಅಲ್ಲೇ ನೋಡಿ, ಬಿಲ್ಲಿನಲ್ಲಿ ಐಎಂಇಐ ಬರೆಸಿಕೊಳ್ಳಿ. ಅಂಗಡಿಯವರು ಬರೆಯಲು ಒಪ್ಪದಿದ್ದರೆ ಮುಂದಿನ ಅಂಗಡಿ ನೋಡಿ.